ಸಂಡೂರಿಗೆ ಎರಡು ದಿನ: ಗಣಿ ಬಿಟ್ಟು ಅಲ್ಲಿ ನೋಡೋದಕ್ಕೆ ಏನಿದೆ?

ಸಿಂಧನೂರು_ಭತ್ತ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಮನೆಮಂದಿ ಎಲ್ಲ ಎರಡು ದಿನ ಎಲ್ಲಾದರೂ ಹೋಗೋಣ ಅಂತ ಮಾತಾಡಿಕೊಂಡಿದ್ದೇವೆ. ಹಂಪಿ, ಆನೆಗೊಂದಿ, ಅಂಜನಾದ್ರಿ, ಟಿಬಿ ಡ್ಯಾಮ್ ಎಲ್ಲ ನೆಂಟರು ಬಂದಾಗಲೆಲ್ಲ ತೋರಿಸಿ ತೋರಿಸಿ ಸಾಕಾಗಿದೆ. ಯಾರೋ ಸಂಡೂರು ಅಂದರು. ನನಗೆ ಸಂಡೂರು ಅಂದರೆ ಲಾರಿ, ಅದಿರು, ಕೆಂಪು ಧೂಳು, ಅಷ್ಟೇ ಗೊತ್ತಿರೋದು. ತೋರಣಗಲ್ಲು ದಾಟಿ ಬಳ್ಳಾರಿಗೆ ಹೋಗುವಾಗ ದೂರದಲ್ಲಿ ಗುಡ್ಡ ಕಾಣುತ್ತದೆ, ಒಳಗೆ ಯಾವತ್ತೂ ಹೋಗಿಲ್ಲ.

ನನ್ನ ಪ್ರಶ್ನೆ ಇಷ್ಟು. ಅಲ್ಲಿ ರಾಜರಿದ್ದರು, ಅರಮನೆ ಇದೆ ಅಂತಾರೆ, ಅದು ಯಾವ ರಾಜರು? ವಿಜಯನಗರದವರಾ, ನಿಜಾಮರ ಕಡೆಯವರಾ? ಎರಡು ದಿನ ನೋಡುವಷ್ಟು ಊರಲ್ಲಿ ಇದೆಯಾ? ಜೊತೆಗೆ ಅಮ್ಮ ಇರುತ್ತಾರೆ, ಮೊಣಕಾಲು ನೋವು, ಜಾಸ್ತಿ ಮೆಟ್ಟಿಲು ಆಗಲ್ಲ. ದೊಡ್ಡ ಮಗ ಎಂಟನೇ ಕ್ಲಾಸು, ಕಲ್ಲು ಮಣ್ಣು ಅಂದರೆ ಆಸೆ. ಸಣ್ಣವಳಿಗೆ ನೀರು ಕಂಡರೆ ಸಾಕು. ಸ್ವಂತ ಕಾರಲ್ಲಿ ಬರೋದು. ಹೊಸಪೇಟೆ ಮೇಲೆ ಹೋಗೋದಾ, ತೋರಣಗಲ್ಲು ಮೇಲೆ ಹೋಗೋದಾ ಅದನ್ನೂ ಹೇಳಿ.

ಕೆಂಪುಮಣ್ಣು:

ಅಣ್ಣಾ, ನಾನು ಸಂಡೂರಿನವನೇ. ನಿಮ್ಮ ಹಾಗೆ ತೋರಣಗಲ್ಲಿನಲ್ಲಿ ಗುಡ್ಡ ನೋಡಿ ಮುಂದೆ ಹೋದವರೇ ಜಾಸ್ತಿ. ಅದರಲ್ಲಿ ತಪ್ಪೇನೂ ಇಲ್ಲ, ಊರು ಇರೋದೇ ಆ ಥರ. ಎರಡು ಅಂಗೈ ಕೂಡಿಸಿ ನೀರು ಹಿಡಿದ ಹಾಗೆ ಸುತ್ತ ಬೆಟ್ಟದ ಸಾಲು, ನಡುವೆ ಕಣಿವೆ, ಆ ಕಣಿವೆಯಲ್ಲಿ ಊರು. ಹೊರಗಿನಿಂದ ಏನೂ ಕಾಣಲ್ಲ. ಕಣಿವೆಯ ಮಳೆನೀರೆಲ್ಲ ನಾರಿಹಳ್ಳಕ್ಕೆ ಸೇರುತ್ತದೆ, ಆ ಹಳ್ಳ ಬೆಟ್ಟವನ್ನು ಸೀಳಿಕೊಂಡು ಹೋಗುವ ಜಾಗಕ್ಕೆ ಗಂಡಿ ಅಂತೇವೆ. ಭೀಮಗಂಡಿ, ಓಬಳಗಂಡಿ ಅಂತ ಎರಡಿವೆ. ಹಿಂದಿನ ಕಾಲದಲ್ಲಿ ಈ ಗಂಡಿಗಳನ್ನ ಕಾದುಕೊಂಡರೆ ಸಾಕಿತ್ತು, ದೊಡ್ಡ ಸೈನ್ಯಕ್ಕೂ ಒಳಗೆ ಬರೋದು ಕಷ್ಟ. ಇಷ್ಟು ಚಿಕ್ಕ ಸಂಸ್ಥಾನ ಅಷ್ಟು ವರ್ಷ ಉಳಿದಿದ್ದಕ್ಕೆ ಅರ್ಧ ಕಾರಣ ಈ ಬೆಟ್ಟ ಅಂತ ನನ್ನ ಲೆಕ್ಕ.

ರಾಜರು ವಿಜಯನಗರದವರೂ ಅಲ್ಲ, ನಿಜಾಮರೂ ಅಲ್ಲ. ಮರಾಠರು, ಘೋರ್ಪಡೆ ಮನೆತನ. ಮೊದಲು ಬೇಡ ಪಾಳೆಯಗಾರರ ಕೈಯಲ್ಲಿತ್ತು, 1728ರಲ್ಲಿ ಸಿದ್ದೋಜಿರಾವ್ ಘೋರ್ಪಡೆ ಅವರಿಂದ ಕಿತ್ತುಕೊಂಡ. ಗುತ್ತಿಯ ಮುರಾರಿರಾವ್ ಹೆಸರು ಕೇಳಿರಬೇಕು ನೀವು, ಅವನು ಈ ಸಿದ್ದೋಜಿಯ ಮಗ. 1776ರಲ್ಲಿ ಹೈದರಾಲಿ ಗುತ್ತಿಯನ್ನೂ ತಗೊಂಡ, ಸಂಡೂರನ್ನೂ ತಗೊಂಡ. ಊರ ಪಕ್ಕದ ಕೃಷ್ಣಾನಗರದಲ್ಲಿ ಇರುವ ಕೋಟೆ ಹೈದರ್, ಟಿಪ್ಪು ಕಾಲದ್ದು. ಆಮೇಲೆ 1790ರ ಹೊತ್ತಿಗೆ ಘೋರ್ಪಡೆಯವರು ಟಿಪ್ಪುವಿನ ಕಾವಲು ಪಡೆಯನ್ನು ಓಡಿಸಿ ಮತ್ತೆ ಬಂದು ಕೂತರು. 1949ರಲ್ಲಿ ಭಾರತಕ್ಕೆ ಸೇರೋವರೆಗೂ ಅವರದ್ದೇ. ಶಿವವಿಲಾಸ ಅರಮನೆ ಈಗ ಹೋಟೆಲ್ ಆಗಿದೆ. ಉಳಿದುಕೊಳ್ಳೋದಕ್ಕೆ ದುಬಾರಿ ಅನ್ನಿಸಿದರೆ ಬಿಡಿ, ಹೊಸಪೇಟೆಯಲ್ಲಿ ರೂಮು ಮಾಡಿ.

ಸೆಪ್ಟೆಂಬರ್ ಅಂದಿರಲ್ಲ, ಅದೇ ಸರಿಯಾದ ತಿಂಗಳು. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು, ಸಂಡೂರನ್ನ ಸೆಪ್ಟೆಂಬರ್‌ನಲ್ಲಿ ನೋಡಬೇಕು ಅಂದರಂತೆ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ, ಹೋಟೆಲ್ ಗೋಡೆ ಮೇಲೂ ಬರೆದುಕೊಳ್ಳುತ್ತಾರೆ. ನಾನು ಹೇಳೋ ಕಾರಣ ಬೇರೆ. ಏಪ್ರಿಲ್‌ನಲ್ಲಿ ಬಂದರೆ ರಸ್ತೆ ಪಕ್ಕದ ಮರದ ಎಲೆ ಹಸಿರು ಅಂತ ಗೊತ್ತಾಗಬೇಕಾದರೆ ಬೆರಳಲ್ಲಿ ಒರೆಸಿ ನೋಡಬೇಕು. ಎರಡು ತಿಂಗಳು ಮಳೆ ಬಿದ್ದ ಮೇಲೆ ಧೂಳು ತೊಳೆದು ಹೋಗಿರುತ್ತದೆ, ಬೆಟ್ಟದ ತುಂಬ ಹುಲ್ಲು, ಬೆಳಿಗ್ಗೆ ಹೊತ್ತು ಮೋಡ ಕಣಿವೆಗೆ ಇಳಿದಿರುತ್ತದೆ. ಬಳ್ಳಾರಿ ಬಿಸಿಲಲ್ಲಿ ಬೆಳೆದವರಿಗೆ ಇದು ನಮ್ಮ ಜಿಲ್ಲೆನಾ ಅನ್ನಿಸುತ್ತೆ.

ಲೋಡ್_ಲಾರಿ:

ಬ್ರದರ್, ಬೇಜಾರು ಮಾಡ್ಕೋಬೇಡಿ, ನಾನು ಉಲ್ಟಾ ಹೇಳ್ತೀನಿ. ನಾನು ಅದಿರು ಲಾರಿ ಓಡಿಸಿದವನು, 2006, 2007ರ ಸುಮಾರಿಗೆ. ಆಗ ಚೀನಾದವರು ಎಷ್ಟು ಕೊಟ್ಟರೂ ತಗೊಳ್ಳುತ್ತಿದ್ದರು. ರಾತ್ರಿ ಹಗಲು ಲೈನು. ಸಂಡೂರು ದಾಟೋದಕ್ಕೇ ಅರ್ಧ ದಿನ ಹೋಗಿದ್ದುಂಟು. ನಾನಿದ್ದ ಟ್ರಾನ್ಸ್‌ಪೋರ್ಟ್‌ನವರು ಲೋಡು ಜಾಸ್ತಿ ಹಾಕಿಸಿ ಕಳಿಸುತ್ತಿದ್ದರು, ಬ್ರೇಕ್ ಹಿಡಿಯದೆ ಘಾಟಿಯಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಇಳಿದಿದ್ದೀನಿ, ಕೊನೆಗೆ ಬಾಕಿ ಬಾಡಿಗೆಯನ್ನೂ ಕೊಡಲಿಲ್ಲ. ಆ ಗುಡ್ಡಗಳ ತಲೆ ಹೇಗೆ ಹೋಯಿತು ಅಂತ ಕಣ್ಣಾರೆ ಕಂಡವನು ನಾನು. ಈಗ ಹಸಿರು, ಮೋಡ ಅಂತ ಫೋಟೋ ಹಾಕೋರನ್ನ ಕಂಡರೆ ನಗು ಬರುತ್ತೆ. ಫೋಟೋದಲ್ಲಿ ಅರ್ಧ ಬೆಟ್ಟ ಕ್ರಾಪ್ ಮಾಡಿರ್ತಾರೆ.

ಮಕ್ಕಳನ್ನ ಕರ್ಕೊಂಡು ಹೋಗೋದಾದರೆ ಹೋಗಿ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟವನ್ನೂ ತೋರಿಸಿ. ಅದು ಬಿಟ್ಟು ಸಂಡೂರು ನೋಡಿದೆ ಅಂದರೆ ಅರ್ಧ ನೋಡಿದ ಹಾಗೆ.

ಹಳೇ_ದಫ್ತರ:

ಮೇಲಿನ ಇಬ್ಬರೂ ಸರಿಯಾಗೇ ಹೇಳಿದ್ದಾರೆ. ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು, ಇತಿಹಾಸದ ಒಂದೆರಡು ಮಾತು ಸೇರಿಸುತ್ತೇನೆ. ಉದ್ದ ಆದರೆ ಕ್ಷಮೆ ಇರಲಿ.

ಪೇಶ್ವೆಯ ಕಥೆ ಯಾರೂ ಹೇಳಲಿಲ್ಲ. ಎರಡನೇ ಬಾಜಿರಾವ್‌ಗೆ ಸಂಡೂರಿನ ಮೇಲೆ ಕಣ್ಣಿತ್ತು. 1815ರಲ್ಲಿ ಇಲ್ಲಿನ ಬೆಟ್ಟದ ಮೇಲಿನ ಕುಮಾರಸ್ವಾಮಿ ದರ್ಶನಕ್ಕೆ ಬರುತ್ತೇನೆ ಅಂತ ನೆಪ ಹೇಳಿ ಸೈನ್ಯ ಕಟ್ಟಿಕೊಂಡು ಬಂದ. ದೇವರ ದರ್ಶನಕ್ಕೆ ಫೌಜು ಯಾಕೆ ಬೇಕು ಅಲ್ವಾ? ಆಗ ಸಂಡೂರು ಆಳುತ್ತಿದ್ದ ಶಿವರಾವ್‌ಗೆ ಗುಟ್ಟು ಗೊತ್ತಾಯಿತು, ಸೈನ್ಯ ಒಳಗೆ ಬರೋದಕ್ಕೆ ಬಿಡಲಿಲ್ಲ. ಪೇಶ್ವೆ ಸುಮ್ನೆ ಇರಲಿಲ್ಲ, ಇಂಗ್ಲಿಷರ ಜೊತೆ ತನಗಿದ್ದ ಒಪ್ಪಂದದ ಮಾತು ಎತ್ತಿ ಅವರ ಮೇಲೆ ಒತ್ತಡ ಹಾಕಿದ. 1817ರಲ್ಲಿ ಇಂಗ್ಲಿಷ್ ಅಧಿಕಾರಿ ಥಾಮಸ್ ಮನ್ರೋ ಪಡೆ ತಗೊಂಡು ಬಂದ. ಶಿವರಾವ್ ಜಗಳ ಆಡದೆ ಬಿಟ್ಟುಕೊಟ್ಟ. ಅಷ್ಟರಲ್ಲಿ ಪೇಶ್ವೆಗೂ ಇಂಗ್ಲಿಷರಿಗೂ ಯುದ್ಧವೇ ಹತ್ತಿತು, ಪೇಶ್ವೆ ರಾಜ್ಯವೇ ಮುಳುಗಿತು, 1818ರಲ್ಲಿ ಸಂಡೂರು ಮತ್ತೆ ಶಿವರಾವ್ ಕೈಗೆ ಬಂತು. ಯಾರಿಗೋಸ್ಕರ ಕಿತ್ತುಕೊಂಡರೋ ಅವನೇ ಇಲ್ಲ! ಮಕ್ಕಳಿಗೆ ಈ ಕಥೆ ಹೇಳಿದರೆ ಕ್ಲಾಸಲ್ಲಿ ನಿದ್ದೆ ಬರುತ್ತಿರಲಿಲ್ಲ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಗಾಂಧೀಜಿ ಬಂದಿದ್ದು ಗುಡ್ಡ ನೋಡೋದಕ್ಕಲ್ಲ. ಅವರು ಆಗ ಅಸ್ಪೃಶ್ಯತೆ ವಿರುದ್ಧ ದೇಶ ಸುತ್ತುತ್ತಿದ್ದರು. ಸಂಡೂರಿನ ರಾಜ ಯಶವಂತರಾವ್ ಘೋರ್ಪಡೆ ಅದಕ್ಕೂ ಮೊದಲೇ ಸಂಸ್ಥಾನದ ಗುಡಿಗಳನ್ನು ದಲಿತರಿಗೆ ತೆರೆದಿದ್ದರು. ತಿರುವಾಂಕೂರಿನ ದೇವಾಲಯ ಪ್ರವೇಶದ ಘೋಷಣೆ ಎಲ್ಲ ಪುಸ್ತಕದಲ್ಲೂ ಇದೆ, ಅದು ಆಗಿದ್ದು 1936ರಲ್ಲಿ. ನಮ್ಮ ಪಕ್ಕದ ಸಂಡೂರಿನದ್ದು ನಮ್ಮ ಮಕ್ಕಳಿಗೇ ಗೊತ್ತಿಲ್ಲ. ಗೋಡೆ ಮೇಲೆ ಸೆಪ್ಟೆಂಬರ್ ಮಾತು ಬರೆಯೋರು ಪಕ್ಕದಲ್ಲಿ ಇದನ್ನೂ ಒಂದು ಸಾಲು ಬರೆಯಬಹುದಲ್ಲ.

ಲಾರಿ ಅಣ್ಣ ಹೇಳಿದ ಗಣಿ ವಿಷಯಕ್ಕೂ ಒಂದು ಹಿನ್ನೆಲೆ ಇದೆ. ಗಣಿ 2000ದ ಇಸವಿ ಆಮೇಲೆ ಬಂದಿದ್ದಲ್ಲ. ಸಂಸ್ಥಾನದ ಕಾಲದಲ್ಲೇ ವಿದೇಶಿ ಕಂಪನಿಯೊಂದು ಇಲ್ಲಿ ಮ್ಯಾಂಗನೀಸ್ ತೆಗೆಯುತ್ತಿತ್ತು. 1954ರಲ್ಲಿ ಘೋರ್ಪಡೆಯವರ ಸ್ವಂತ ಗಣಿ ಕಂಪನಿ ಶುರುವಾಯಿತು, ಆಮೇಲೆ ದೋಣಿಮಲೈನಲ್ಲಿ ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿ ಬಂತು. ಗುಡ್ಡಗಳ ಗತಿ ಕೆಟ್ಟಿದ್ದು ಮಾತ್ರ 2000ದ ಆಮೇಲಿನ ಹತ್ತು ವರ್ಷದಲ್ಲಿ. ಅಕ್ರಮ ಗಣಿಗಾರಿಕೆ ಮೇಲೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಈಗ ಮತ್ತೆ ನಡೆಯುತ್ತಿದೆ, ಆದರೆ ಎಷ್ಟು ತೆಗೆಯಬೇಕು ಅನ್ನೋದಕ್ಕೆ ಕೋರ್ಟು ಮಿತಿ ಹಾಕಿದೆ.

ಸೂಜಿದಾರ:

ನಾನು ಹೊಸಪೇಟೆಯವಳು, ತವರುಮನೆ ಸಂಡೂರು ತಾಲೂಕು. ಗಂಡಸರೆಲ್ಲ ರಾಜರು, ಲಾರಿ ಅಂತ ಮಾತಾಡಿದಿರಿ. ಅಮ್ಮನ ಮೊಣಕಾಲಿಗೆ ಯಾರೂ ಉತ್ತರ ಕೊಡಲಿಲ್ಲ.

ಅಣ್ಣ, ಕುಮಾರಸ್ವಾಮಿ ಬೆಟ್ಟಕ್ಕೆ ಕಾರು ಹೋಗುತ್ತೆ, ಗುಡಿ ಹತ್ತಿರದವರೆಗೂ ರಸ್ತೆ ಇದೆ. ಊರಿಂದ ಹತ್ತು ಹನ್ನೆರಡು ಕಿಲೋಮೀಟರ್ ಇರಬಹುದು, ಕಾಡಿನ ಮಧ್ಯದ ದಾರಿ, ಸೆಪ್ಟೆಂಬರ್‌ನಲ್ಲಿ ಆ ದಾರಿಯೇ ಒಂದು ಖುಷಿ. ಮೇಲೆ ಎರಡು ಗುಡಿ, ಪಾರ್ವತಿದು ಒಂದು, ಮಗ ಕುಮಾರಸ್ವಾಮಿದು ಒಂದು. ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ಅಂದರೆ ಹಂಪಿಗಿಂತ ಎಷ್ಟೋ ನೂರು ವರ್ಷ ಹಳೆಯದು. ಮುಂದೆ ಅಗಸ್ತ್ಯ ತೀರ್ಥ ಅಂತ ಹೊಂಡ. ಜಾತ್ರೆ ಪ್ರತಿ ವರ್ಷ ಇರಲ್ಲ, ಮೂರು ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ, ಆಗ ಕಾಲಿಡೋದಕ್ಕೂ ಜಾಗ ಇರಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಹೋಗಿ ಅಮ್ಮನಿಗೆ ಬೇಜಾರಾಗಬಾರದು. ಕುಮಾರಸ್ವಾಮಿಯನ್ನ ಹೆಂಗಸರು ನೋಡಬಾರದು ಅಂತ ಹಳೇ ಪದ್ಧತಿ. ಅವ್ವನ ಮೇಲೆ ಸಿಟ್ಟು ಮಾಡಿಕೊಂಡು, ಕುಡಿದ ಎದೆಹಾಲು ಕಕ್ಕಿ, ಹೆಣ್ಣಿನ ಮುಖ ನೋಡಲ್ಲ ಅಂತ ಬೆಟ್ಟ ಸೇರಿದ ಅಂತ ಕಥೆ. ಮಗ ಸಿಟ್ಟಿಂದ ಬಂದರೂ ತಾಯಿ ಬಿಡಲಿಲ್ಲ, ಪಕ್ಕದಲ್ಲೇ ಬಂದು ಕೂತಳು, ನೋಡಿ! ದಲಿತರಿಗೆ ಅಷ್ಟು ಮೊದಲು ಬಾಗಿಲು ತೆಗೆದ ಊರಲ್ಲಿ ಹೆಂಗಸರ ವಿಷಯಕ್ಕೆ ಬಂದರೆ ಇನ್ನೂ ಕಥೆ ಹೇಳುತ್ತಾರಲ್ಲ ಅಂತ ನನಗೆ ಕೋಪ ಇದೆ. ನಮ್ಮ ಅತ್ತೆಗೆ ಮಾತ್ರ ಅದು ಏನೂ ಅನ್ನಿಸಲ್ಲ, ಪಾರ್ವತಿ ಗುಡಿ ಕಟ್ಟೆ ಮೇಲೆ ಕೂತು ಕಾಯಿ ಒಡೆಸಿ ಬರುತ್ತಾರೆ. ನಿಮ್ಮ ಮನೆಯವರು ಹೇಗೋ ನೀವೇ ನೋಡಿಕೊಳ್ಳಿ.

ಹತ್ತಿರದಲ್ಲೇ ಹರಿಶಂಕರ ಅಂತ ಗುಡಿ ಇದೆ. ಅಲ್ಲಿ ಬೆಟ್ಟದ ಒರತೆ ನೀರು ಬರುತ್ತದೆ. ನಿಮ್ಮ ಸಣ್ಣವಳಿಗೆ ಅದು ಹಿಡಿಸುತ್ತೆ. ಮಂಗಗಳಿರುತ್ತವೆ, ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ಇಳಿಯಬೇಡಿ.

ಎರಡನೇ ವಿಷಯ, ಕುಶಲ ಕಲಾ ಕೇಂದ್ರ. ಲಂಬಾಣಿ ಹೆಂಗಸರು ಕಸೂತಿ ಮಾಡುವ ಜಾಗ. ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ, ಅಂದರೆ ಇದು ಈ ಜಾಗದ್ದೇ ವಿಶೇಷ ಅನ್ನೋ ಅಧಿಕೃತ ಗುರುತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ಆಯಿತಲ್ಲ, ಆಗ ಇವರು ಮಾಡಿದ 1,755 ವಸ್ತುಗಳನ್ನ ಒಟ್ಟಿಗೆ ಇಟ್ಟಿದ್ದು ಗಿನ್ನಿಸ್ ದಾಖಲೆ ಆಯಿತು. ದಾಖಲೆ ಇರಲಿ, ಹತ್ತಿರ ಕೂತು ಕೈ ನೋಡಬೇಕು. ಕಿಲನ್, ವೇಲೆ, ನಕ್ರಾ ಅಂತ ಒಂದೊಂದು ಹೊಲಿಗೆಗೆ ಒಂದೊಂದು ಹೆಸರು. ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇರಲ್ಲ, ನೇಯ್ಗೆಯ ಎಳೆ ಎಣಿಸಿಕೊಂಡು ಸೂಜಿ ಹೋಗುತ್ತಿರುತ್ತದೆ. ಕನ್ನಡಿ ಚೂರಿಗೆ ಅಂಟು ಗಿಂಟು ಏನೂ ಹಾಕಲ್ಲ. ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಮೇಲೆ ಅಡ್ಡಡ್ಡ ನಾಲ್ಕು ದಾರ ಹಾಯಿಸಿ, ಆ ದಾರಕ್ಕೆ ಸುತ್ತಲೂ ಹೊಲಿಗೆ ಹಾಕುತ್ತಾ ಬಿಗಿ ಮಾಡುತ್ತಾರೆ. ಮಾತಾಡುತ್ತಲೇ ಇರುತ್ತಾರೆ, ಕಣ್ಣು ನಿಮ್ಮ ಮೇಲೆ, ಕೈ ತನ್ನ ಪಾಡಿಗೆ. ರೇಟು ಕೇಳಿ ಚೌಕಾಸಿ ಮಾಡಬೇಡಿ ದಯವಿಟ್ಟು. ಒಂದು ಚೀಲಕ್ಕೆ ಎಷ್ಟು ದಿನ ಕೂತಿರುತ್ತಾರೆ ಅಂತ ಕೇಳಿ, ಆಮೇಲೆ ನಿಮಗೇ ಬಾಯಿ ಬರಲ್ಲ.

ಸಿಂಧನೂರು_ಭತ್ತ:

ಅಬ್ಬಾ, ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಅಮ್ಮನಿಗೆ ಓದಿ ಹೇಳಿದೆ. "ಅವ ನೋಡದಿದ್ರ ಬಿಡು, ಅವನವ್ವ ಇದ್ದಾಳಲ್ಲ, ಆಕಿನ್ನ ನೋಡಿ ಬರೂಣು" ಅಂದರು.

ಮಗನ ಪ್ರಶ್ನೆ ಒಂದು ಉಳಿಯಿತು. ಅದಿರು ಅಂದರೆ ಯಾವ ಕಲ್ಲು, ರಸ್ತೆಯಲ್ಲಿ ಸಿಗುತ್ತಾ, ಹೇಗೆ ಗುರುತು ಹಿಡಿಯೋದು ಅಂತ ಕೇಳುತ್ತಿದ್ದಾನೆ. ಮತ್ತೆ ರಾಮಗಡ ಅಂತ ಒಂದು ಹೆಸರು ಕೇಳಿದೆ, ಬ್ರಿಟಿಷರ ಬಂಗಲೆ ಇತ್ತಂತೆ. ಅಲ್ಲಿಗೆ ಹೋಗಬಹುದಾ? ದಾರಿ ವಿಷಯವೂ ಇನ್ನೂ ಯಾರೂ ಹೇಳಿಲ್ಲ.

ಕೆಂಪುಮಣ್ಣು:

ಮಗನಿಗೆ ಹೇಳಿ, ಗುರುತು ಹಿಡಿಯೋದು ಸುಲಭ. ಒಳ್ಳೆ ಹೆಮಟೈಟ್ ಅದಿರು ನೋಡೋದಕ್ಕೆ ಕೆಂಪಗಿರಲ್ಲ, ಕಪ್ಪು ಬೂದು ಬಣ್ಣ, ಬಿಸಿಲಿಗೆ ಮಿಂಚುತ್ತದೆ. ಕೈಗೆ ತಗೊಂಡ ಕೂಡಲೇ ಗೊತ್ತಾಗುತ್ತೆ, ಅದೇ ಗಾತ್ರದ ಕಲ್ಲಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಭಾರ. ಮನೆಯ ಟೈಲ್ಸ್ ತಿರುಗಿಸಿ ಹಿಂದಿನ ಒರಟು ಕಡೆ ಉಜ್ಜಿದರೆ ಕುಂಕುಮ ಕೆಂಪು ಗೆರೆ ಬೀಳುತ್ತದೆ. ಆ ಪುಡಿಯೇ ನಮ್ಮ ರಸ್ತೆ, ಗೋಡೆ, ಬನಿಯನ್ ಎಲ್ಲದರ ಮೇಲೂ ಕೂರೋದು. ಇನ್ನೊಂದು ಥರದ ಕಲ್ಲು ಸಿಗುತ್ತದೆ, ಒಂದು ಗೆರೆ ಕೆಂಪು ಒಂದು ಗೆರೆ ಕಪ್ಪು, ಪಟ್ಟಿ ಪಟ್ಟಿಯಾಗಿ. ಅದರಲ್ಲಿ ಕಬ್ಬಿಣ ಕಮ್ಮಿ. ನೋಡೋದಕ್ಕೆ ಮಾತ್ರ ಅದೇ ಚೆನ್ನ. ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಆದ ಕಲ್ಲು ಅದು, 250 ಕೋಟಿ ವರ್ಷಕ್ಕಿಂತ ಹಳೆಯದು. ಭೀಮಗಂಡಿ ಹತ್ತಿರ ಗಾಡಿ ನಿಲ್ಲಿಸಿದರೆ ಬಂಡೆಯ ಪದರ ಕಣ್ಣಿಗೇ ಕಾಣುತ್ತವೆ. ಗಣಿ ಒಳಗೆ ಮಾತ್ರ ಹೋಗಬೇಡಿ, ಬಿಡೋದೂ ಇಲ್ಲ.

ರಾಮಗಡ ಬೆಟ್ಟದ ಮೇಲಿನ ಜಾಗ, 3,200 ಅಡಿ ಮೇಲೆ. ಬಳ್ಳಾರಿ ದಂಡಿನಲ್ಲಿದ್ದ ಇಂಗ್ಲಿಷ್ ಸೋಲ್ಜರುಗಳಿಗೆ ನಮ್ಮ ಬಿಸಿಲು ತಡೆಯದೆ ಕಾಯಿಲೆ ಬೀಳೋರು, ಸುಧಾರಿಸಿಕೊಳ್ಳಲಿ ಅಂತ ಇಲ್ಲಿಗೆ ಕಳಿಸುತ್ತಿದ್ದರು. ಈಗ ಹಳೇ ಗೋಡೆ, ಅಡಿಪಾಯ ಅಷ್ಟೇ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ನಮ್ಮ ಬೆಟ್ಟದಲ್ಲೂ ಇದೆ, ಅದು ಅರಳಿದ ವರ್ಷವಾದರೆ ಹೋಗಿ ಅಂತ ಹೇಳುತ್ತಿದ್ದೆ. ಅಮ್ಮ, ಮಕ್ಕಳ ಜೊತೆ ಮಳೆಗಾಲದ ರಸ್ತೆಯಲ್ಲಿ ಬೇಡ.

ದಾರಿ: ನೀವು ಗಂಗಾವತಿ ಮೇಲೆ ಹೊಸಪೇಟೆಗೆ ಬನ್ನಿ, ಅಲ್ಲಿಂದ ಸಂಡೂರು ಸುಮಾರು 30 ಕಿಲೋಮೀಟರ್. ಬೆಳಿಗ್ಗೆ ಬೇಗ ಬಂದರೆ ಮೋಡ ಸಿಗುತ್ತೆ. ವಾಪಸ್ ಹೋಗುವಾಗ ತೋರಣಗಲ್ಲು ಕಡೆ ಇಳಿಯಿರಿ, ಆಗ ಭೀಮಗಂಡಿಯೂ ತಾರಾನಗರದ ನಾರಿಹಳ್ಳ ಡ್ಯಾಮೂ ಒಂದೇ ದಾರಿಗೆ ಸಿಗುತ್ತವೆ. ಟಿಪ್ಪರ್ ಹಿಂದೆ ಸಿಕ್ಕಿಹಾಕಿಕೊಂಡರೆ ಓವರ್‌ಟೇಕ್ ಅವಸರ ಬೇಡ, ಗ್ಲಾಸ್ ಏರಿಸಿಕೊಂಡು ನಿಧಾನಕ್ಕೆ ಬನ್ನಿ.

ಲೋಡ್_ಲಾರಿ:

ಇದು ಸರಿಯಾದ ಮಾತು. ಲೋಡು ಇರುವ ಗಾಡಿಯವನಿಗೆ ಇಳಿಜಾರಲ್ಲಿ ಹಿಂದೆ ಇರೋ ಕಾರು ಕಾಣಲ್ಲ, ಕಂಡರೂ ಜಾಗ ಬಿಡೋದಕ್ಕಾಗಲ್ಲ.

ನಾನು ಹೋಗಬೇಡಿ ಅಂದಿಲ್ಲ ಬ್ರದರ್, ಹೋಗಿ. ದೋಣಿಮಲೈ ಕಡೆ ರಸ್ತೆಯಿಂದಲೇ ಕಡಿದ ಬೆಟ್ಟ ಕಾಣುತ್ತೆ, ಮಗನಿಗೆ ತೋರಿಸಿ. ಅವನ ಸೈಕಲ್ಲು, ನಿಮ್ಮ ಕಾರು ಎಲ್ಲ ಅಂಥ ಗುಡ್ಡದಿಂದಲೇ ಬಂದಿರೋದು ಅಂತ ಹೇಳಿ. ನಾನೂ ಅದರಿಂದಲೇ ಮನೆ ಕಟ್ಟಿದ್ದು, ಸುಳ್ಳು ಯಾಕೆ ಹೇಳಲಿ.

ಸೂಜಿದಾರ:

ಎರಡನೇ ದಿನ ಮಧ್ಯಾಹ್ನ ಏನು ಮಾಡೋದು ಅಂತ ಯೋಚನೆ ಇದ್ದರೆ ದರೋಜಿ ಕರಡಿಧಾಮ ಇದೆ, ಕಮಲಾಪುರದ ಕಡೆಯಿಂದ ದಾರಿ. ಆದರೆ ಆಗ ತೋರಣಗಲ್ಲು ಬಿಟ್ಟು ಮತ್ತೆ ಹೊಸಪೇಟೆ ಮೇಲೆ ಹೋಗಬೇಕಾಗುತ್ತೆ, ಹಾಗಾಗಿ ಡ್ಯಾಮ್, ಭೀಮಗಂಡಿ ಮೊದಲ ದಿನವೇ ಮುಗಿಸಿಕೊಳ್ಳಿ. ದರೋಜಿಯಲ್ಲಿ ಫಾರೆಸ್ಟ್‌ನವರು ಎದುರಿನ ಬಂಡೆಗೆ ಬೆಲ್ಲ, ಜೇನುತುಪ್ಪ ಸವರಿ ಬರುತ್ತಾರೆ, ಬಿಸಿಲು ಇಳಿಯುತ್ತಿದ್ದ ಹಾಗೆ ಕರಡಿಗಳು ನೆಕ್ಕೋದಕ್ಕೆ ಬರುತ್ತವೆ, ಬೆನ್ನ ಮೇಲೆ ಮರಿ ಹೊತ್ತ ತಾಯಿ ಕರಡಿಯೂ ಬರುತ್ತದೆ. ದೂರದ ವಾಚ್ ಟವರ್‌ನಿಂದ ನೋಡಬೇಕು, ಮೆಟ್ಟಿಲಿದೆ, ಅಮ್ಮನನ್ನ ನಿಧಾನಕ್ಕೆ ಹತ್ತಿಸಿ. 1994ರಲ್ಲಿ ಆದ ಧಾಮ ಅದು. ನಮ್ಮ ಸಂಡೂರಿನ ಎಂ.ವೈ. ಘೋರ್ಪಡೆ ಅವರಿಗೆ ಅದರ ಮೇಲೆ ಬಹಳ ಪ್ರೀತಿ ಇತ್ತು. ದೇವರಾಜ ಅರಸು ಕಾಲದಲ್ಲಿ ಹಣಕಾಸು ಮಂತ್ರಿ ಆಗಿದ್ದವರು, ಅದಕ್ಕಿಂತ ಹೆಚ್ಚಾಗಿ ಕಪ್ಪು ಬಿಳುಪಿನಲ್ಲಿ ಕಾಡುಪ್ರಾಣಿ ಫೋಟೋ ತೆಗೆದು ಹೆಸರಾದವರು.

ಬೈನಾಕ್ಯುಲರ್ ಇದ್ದರೆ ತನ್ನಿ, ಇಲ್ಲಾಂದರೆ ಮಕ್ಕಳು ಎಲ್ಲಿ ಎಲ್ಲಿ ಅಂತ ತಲೆ ತಿಂತಾರೆ. ಊಟಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ, ಸಂಡೂರು ಬಸ್ ಸ್ಟ್ಯಾಂಡ್ ಸುತ್ತಮುತ್ತ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಿಸಿಬಿಸಿ ಸಿಗುತ್ತೆ. ಕಸೂತಿ ಕೇಂದ್ರಕ್ಕೆ ಭಾನುವಾರ ಬಿಟ್ಟು ಬೇರೆ ದಿನ ಇಟ್ಟುಕೊಂಡರೆ ಕೆಲಸ ನಡೆಯೋದನ್ನೇ ನೋಡಬಹುದು.

ಸಿಂಧನೂರು_ಭತ್ತ:

ಹಾಗಾದರೆ ಶನಿವಾರ ಬೆಳಿಗ್ಗೆ ಬೇಗ ಹೊರಟು ಮೊದಲು ಬೆಟ್ಟ, ಹರಿಶಂಕರ, ಆಮೇಲೆ ಕಸೂತಿ ಕೇಂದ್ರ, ಸಂಜೆ ಭೀಮಗಂಡಿ, ಡ್ಯಾಮ್. ರಾತ್ರಿ ಹೊಸಪೇಟೆ. ಭಾನುವಾರ ಕೃಷ್ಣಾನಗರದ ಕೋಟೆ ನೋಡಿ ಕರಡಿ ಕಡೆ. ರಾಮಗಡ ಬಿಟ್ಟೆ. ಮಗ ಈಗಲೇ ಮನೆ ಹಿಂದೆ ಒಡೆದ ಟೈಲ್ಸ್ ಹುಡುಕುತ್ತಿದ್ದಾನೆ.

ಹಳೇ ದಫ್ತರ ಸರ್, ಶಿವರಾವ್ ಮತ್ತು ಪೇಶ್ವೆ ಕಥೆ ಇನ್ನೂ ಸ್ವಲ್ಪ ಬರೆಯಿರಿ, ದಾರಿಯಲ್ಲಿ ಮಕ್ಕಳಿಗೆ ಹೇಳಬೇಕು.